ಅರವತ್ತೆರಡು ಕೀಲು, ಹತ್ತು ಮಿಲಿಮೀಟರ್

"ಮಂಡಿ ಸಡಿಲ ಆಗಿದೆ. ನಿಲ್ಲಿಸಿದ್ರೆ ಹಿಂದಕ್ಕೆ ಬೀಳ್ತಾನೆ. ನಿಮ್ಮಲ್ಲಿ ತೀರಾ ಸಣ್ಣ ಸ್ಕ್ರೂ ಸಿಗುತ್ತೆ ಅಂತ ಯಾರೋ ಹೇಳಿದ್ರು."

ಫೋನಿನಲ್ಲಿ ಗಂಡಸಿನ ಧ್ವನಿ. ಅವಳು ಒರೆಸುತ್ತಿದ್ದ ಲೆನ್ಸನ್ನು ಕೆಳಗಿಟ್ಟಳು.

"ಸಾರ್, ಇದು ಕನ್ನಡಕದ ಅಂಗಡಿ. ಮೂಳೆ ಡಾಕ್ಟರು ಹಿಂದಿನ ರಸ್ತೇಲಿ ಇದಾರೆ."

"ಗೊತ್ತು ಮೇಡಂ. ಆದ್ರೆ ಅವನ ಎತ್ತರ ಹದಿನಾಲ್ಕೇ ಸೆಂಟಿಮೀಟರ್."

ಅವಳು ಫೋನಿಟ್ಟಳು. "ಯಾರೇ ಅದು?" ಎಂದು ಚಿಕ್ಕಮ್ಮ ಕೇಳಿದರು. ಅಂಗಡಿ ಅವರದು. ಲೆನ್ಸ್ ಉಜ್ಜುವುದು, ಫ್ರೇಮ್ ಕೂರಿಸುವುದು, ಕಣ್ಣಿನ ಅಳತೆ ತೆಗೆಯುವುದು ಇವಳ ಕೆಲಸ.

"ಯಾರೋ ತಲೆ ಕೆಟ್ಟವರು, ಚಿಕ್ಕಮ್ಮ."

ಅರ್ಧ ಗಂಟೆಯಲ್ಲಿ ತಲೆ ಕೆಟ್ಟವನೇ ಬಂದು ಕೌಂಟರಿನ ಮುಂದೆ ನಿಂತ. ಲಿಫ್ಟ್ ಕಂಪನಿಯ ಬೂದು ಯೂನಿಫಾರ್ಮ್, ಅಗಲ ಮುಖ, ಉಗುರಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸ್. ಊಟದ ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯೊಳಗಿಂದ ಒಂದು ರೋಬೋವನ್ನು ಎತ್ತಿದ. ಬಿಳಿ ಮೈ, ಕಡುನೀಲಿ ಭುಜ, ಹೆಬ್ಬೆರಳಿನಷ್ಟು ತಲೆ.

"ಬೊಂಬೆಗಾ ಇಷ್ಟೆಲ್ಲ?" ಎಂದರು ಚಿಕ್ಕಮ್ಮ.

"ಬೊಂಬೆ ಅಲ್ಲ ಅಮ್ಮ. ಜಪಾನಿಂದು. ಮೈಯಲ್ಲಿ ಅರವತ್ತೆರಡು ಕೀಲಿದೆ. ಬೆರಳು ಸಹಿತ ಮಡಿಸಬಹುದು."

ಅವಳು ಭೂತಗನ್ನಡಿ ಹಾಕಿಕೊಂಡು ಮಂಡಿಯನ್ನು ನೋಡಿದಳು. ಕನ್ನಡಕದ ಕಡ್ಡಿಗೆ ಹಾಕುವ ಸ್ಕ್ರೂ ಅಲ್ಲಿಗೆ ಸರಿಯಾಗಿ ಕೂತಿತು. ಅವನು ರೋಬೋವನ್ನು ಕೌಂಟರಿನ ಗಾಜಿನ ಮೇಲಿಟ್ಟು, ಒಂದು ಪಾದ ಓರೆ ಮಾಡಿ, ಸೊಂಟವನ್ನು ಕೂದಲೆಳೆಯಷ್ಟು ತಿರುಗಿಸಿ, ಕೈ ತೆಗೆದ. ಅದು ನಿಂತಿತು. ಬರೀ ನಿಂತಿದ್ದಲ್ಲ, ಯಾರೋ ಕರೆದದ್ದು ಕೇಳಿಸಿ ತಿರುಗಲು ಹೊರಟ ಹಾಗೆ ನಿಂತಿತು.

"ನೆಟ್ಟಗೆ ನಿಲ್ಲಿಸೋದು ಯಾರಿಗಾದ್ರೂ ಬರುತ್ತೆ ಮೇಡಂ. ಹೆಜ್ಜೆ ಎತ್ತೋದಕ್ಕೆ ಮುಂಚೆ ಒಂದು ಕ್ಷಣ ಇರುತ್ತಲ್ಲ, ಅದೇ ಕಷ್ಟ."

ಅಷ್ಟು ದಪ್ಪ ಬೆರಳುಗಳು ಅಷ್ಟು ಮೆಲ್ಲಗೆ ಕೆಲಸ ಮಾಡುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ನೋಡುತ್ತಾ ನಿಂತಿದ್ದಕ್ಕೆ ಅವಳಿಗೇ ನಾಚಿಕೆಯಾಗಿ, ಖಾಲಿ ಡ್ರಾಯರ್ ತೆಗೆದು ಏನನ್ನೋ ಹುಡುಕಿದಳು.

ಆಮೇಲೆ ಪ್ರತಿ ಬುಧವಾರ ಅವನು ಬರತೊಡಗಿದ. ಒಮ್ಮೆ ಕುತ್ತಿಗೆ, ಒಮ್ಮೆ ಮಣಿಕಟ್ಟು, ಒಮ್ಮೆ ಏನೂ ಇಲ್ಲದೆ. ಮನೆಯಲ್ಲಿ ನಲವತ್ತೊಂದು ರೋಬೋಗಳಿವೆಯಂತೆ. "ನಮ್ಮಮ್ಮ ಧೂಳು ಒರೆಸಿ ವಾಪಸ್ ಇಡುವಾಗ ಎಲ್ಲರನ್ನೂ ಸಾವಧಾನ್ ಭಂಗಿಯಲ್ಲಿ ನಿಲ್ಲಿಸಿಬಿಡ್ತಾರೆ. ಸಂಜೆ ಹೋಗಿ ನೋಡಿದ್ರೆ ಕಪಾಟಿನ ತುಂಬ ಪೊಲೀಸ್ ಕವಾಯತು." ಅವಳು ನಕ್ಕಳು. ನಕ್ಕಾಗ ಅವನು ಮಾತು ಮರೆತು ರೋಬೋದ ತಲೆಯನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸಿದ.

"ಈ ಬಿಲ್ಡಿಂಗಿಗೆ ಇರೋದೇ ಮೂರು ಮಹಡಿ," ಎಂದರು ಚಿಕ್ಕಮ್ಮ, ಅವನು ಹೋದ ಮೇಲೆ. "ಲಿಫ್ಟಿಗೆ ವಾರ ವಾರ ಕಾಯಿಲೆ ಎಲ್ಲಿಂದ ಬರುತ್ತೋ, ಲಿಫ್ಟಪ್ಪನಿಗೇ ಗೊತ್ತು."

"ಸುಮ್ನಿರಿ ಚಿಕ್ಕಮ್ಮ. ಅವರು ಸ್ಕ್ರೂಗೆ ಬರ್ತಾರೆ."

"ಹೌದೌದು. ಯಾರ ಸ್ಕ್ರೂ ಸಡಿಲ ಆಗಿದೆ ಅಂತ ನಾನು ಕೇಳಿದ್ನಾ?"

ಅವಳಿಗೆ ಗೊತ್ತಿತ್ತು, ತನ್ನ ಕೈಯಲ್ಲಿ ಏನೂ ಇಲ್ಲ ಎಂದು. ಕನ್ನಡಕ ಹಾಕುವವನಾಗಿದ್ದರೆ ಫ್ರೇಮ್ ಸರಿ ಮಾಡುವ ನೆಪದಲ್ಲಿ ಕಿವಿಯ ಹಿಂದೆ ಬೆರಳಿಟ್ಟು ನೋಡಬಹುದಿತ್ತು. ದಿನಕ್ಕೆ ಇಪ್ಪತ್ತು ಮುಖ ಮುಟ್ಟುವ ಕೆಲಸ ಅವಳದು. ಮುಟ್ಟಬೇಕೆನ್ನಿಸಿದ ಒಂದು ಮುಖಕ್ಕೆ ಮಾತ್ರ ಕನ್ನಡಕ ಇರಲಿಲ್ಲ.

ಒಂದು ಬುಧವಾರ ಅವನು ರೋಬೋದ ಬೆರಳನ್ನು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿದ.

"ಯಾವಾಗಿಂದ ಹೀಗೆ?"

"ಇದು ಚಿಕ್ಕದು ಮೇಡಂ, ಅದಕ್ಕೆ."

"ಅದು ಮೊದಲಿಂದ್ಲೂ ಅಷ್ಟೇ ಇದೆ. ಕೂತ್ಕೊಳ್ಳಿ."

ಪರೀಕ್ಷೆಯಲ್ಲಿ ಹತ್ತಿರದ್ದು ಮಂಜು ಎಂದು ತಿಳಿಯಿತು. ಎರಡೂವರೆ ಪವರ್ ಬೇಕು. ಉಳಿದದ್ದು ಒಂದೇ ಅಳತೆ, ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ಲೆನ್ಸಿನ ನಡುಬಿಂದು ಪಾಪೆಯ ಎದುರಿಗೇ ಬರಬೇಕು, ಇಲ್ಲದಿದ್ದರೆ ಎಂಥ ಲೆನ್ಸೂ ದಂಡ. ಅವಳು ಈ ಕೆಲಸ ಕಲಿತ ಸಂಜೆ ಕ್ಲಾಸಿನಲ್ಲಿ ಮೊದಲ ದಿನವೇ ಕಲಿಸಿದ ಪಾಠ.

ಅವಳು ಸ್ಟೂಲ್ ಎಳೆದುಕೊಂಡು ಅವನೆದುರು ಕೂತು, ಮೂಗಿನ ಮೇಲೆ ಸ್ಕೇಲ್ ಅಡ್ಡ ಹಿಡಿದಳು. ಬೆರಳ ತುದಿ ಅವನ ಹುಬ್ಬಿಗೆ ತಾಗಿತು.

"ನನ್ನ ಎಡಗಣ್ಣು ನೋಡಿ," ಎಂದು ತನ್ನ ಬಲಗಣ್ಣು ಮುಚ್ಚಿದಳು.

"ಕಣ್ಣು ಹೊಡೀತಿದ್ದೀರಾ ಮೇಡಂ?"

"ಅಲ್ಲಾಡಬೇಡಿ!"

"ಇಲ್ಲ. ಅಲ್ಲಾಡಲ್ಲ."

ನಿಜಕ್ಕೂ ಅಲ್ಲಾಡಲಿಲ್ಲ. ಅವನ ಕಣ್ಣು ಕಪ್ಪಲ್ಲ, ಬೆಳಕಿನಲ್ಲಿ ಜೇನಿನ ಬಣ್ಣ, ಅದರ ನಡುವೆ ಚಿಕ್ಕದಾಗಿ ಇವಳೇ. "ಈಗ ಬಲಗಣ್ಣು," ಎಂದಳು. ಧ್ವನಿ ತನ್ನದಲ್ಲ ಎನ್ನಿಸಿತು. ಸ್ಕೇಲಿನ ಅಂಕಿ ನೋಡಿದಳು, ಬರೆದುಕೊಂಡಳು, ಎದ್ದಳು. ಎದ್ದ ಮೇಲೆ ನೀರು ಕುಡಿದಳು.

ಕನ್ನಡಕ ಶನಿವಾರ ಅವನ ಕೈ ಸೇರಿತು. ಮುಂದಿನ ಬುಧವಾರ ಅವನು ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ಬಾಗಿಲ ಗಂಟೆ ಅಲುಗಿದಾಗಲೆಲ್ಲ ಅವಳು ತಲೆಯೆತ್ತುವುದನ್ನು ಕಂಡು ಚಿಕ್ಕಮ್ಮ ತಮಾಷೆ ಮಾಡುವುದನ್ನೂ ಬಿಟ್ಟರು.

ಮೂರನೆಯ ಬುಧವಾರ ಬಂದ. ಕಣ್ಣ ಕೆಳಗೆ ಕಪ್ಪು. ಕನ್ನಡಕ ಜೇಬಿನಲ್ಲಿತ್ತು. ಡಬ್ಬಿಯಿಂದ ಆ ಬಿಳಿ ರೋಬೋವನ್ನು ತೆಗೆದಿಟ್ಟ. ಸೊಂಟ ಒಂದು ಕಡೆ ಬಾಗಿತ್ತು, ಒಂದು ಕಾಲು ಮುಂದೆ ಚಾಚಿತ್ತು. ಇಟ್ಟ ಕೂಡಲೇ ಪಕ್ಕಕ್ಕೆ ಉರುಳಿತು.

"ಸೊಂಟದ ಕೀಲು ಸಡಿಲ ಇತ್ತು," ಎಂದ. "ಕೀಲಿನ ತುದಿಯ ಗುಂಡಿಗೆ ಅಂಟಿನ ತೆಳು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದ್ರೆ ಬಿಗಿ ಆಗುತ್ತೆ. ನಾವೆಲ್ಲ ಮಾಡೋದು ಹಾಗೇ. ನಾನು ಒಣಗಿದೆ ಅಂದ್ಕೊಂಡೆ. ಒದ್ದೆ ಇತ್ತು. ಹೊಳಪು ಕಾಣಲಿಲ್ಲ. ಒತ್ತಿಬಿಟ್ಟೆ."

ಅವಳು ಮೆಲ್ಲಗೆ ತಿರುಗಿಸಲು ನೋಡಿದಳು. ಕಲ್ಲಿನ ಹಾಗಿತ್ತು. ಇನ್ನಷ್ಟು ಒತ್ತಿದರೆ ಮುರಿಯುತ್ತದೆ ಎಂದು ಅವಳ ಬೆರಳಿಗೆ ಗೊತ್ತಾಯಿತು.

"ಆಗಲ್ಲ ಅಲ್ವಾ?"

"ಆಗಲ್ಲ," ಎಂದಳು. ಬೇರೆ ಏನಾದರೂ ಹೇಳಲು ಸಾಧ್ಯವಿದ್ದರೆ ಹೇಳುತ್ತಿದ್ದಳು.

"ನನ್ನದೇ ತಪ್ಪು. ಈ ಕೈಗೆ ಲಿಫ್ಟಿನ ಹಗ್ಗವೇ ಸರಿ. ಉಳಿದವರನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಮೇಡಂ. ಇನ್ನು ನಿಮಗೆ ತೊಂದರೆ ಕೊಡಲ್ಲ. ಅದನ್ನ ಹೇಳೋಣ ಅಂತಲೇ ಬಂದೆ. ಮೇಲೆ ಮೂರನೇ ಮಹಡಿ ಬಾಗಿಲು ನೋಡಿ ಹೋಗ್ತೀನಿ. ಕನ್ನಡಕದ ಕಡ್ಡಿ ಸ್ವಲ್ಪ ಒತ್ತುತ್ತೆ, ಅಷ್ಟರೊಳಗೆ ನೋಡಿಡಿ."

ಅವನು ಹೋದ. ಕನ್ನಡಕ ಕೈಯಲ್ಲಿ ಉಳಿಯಿತು. ಅವಳು ಅಭ್ಯಾಸದಂತೆ ಲೆನ್ಸಿನ ನಡುಬಿಂದುಗಳನ್ನು ಗುರುತಿಸಿ ನಡುವಿನ ಅಂತರ ಅಳೆದಳು. ಐವತ್ತನಾಲ್ಕು. ಅವನ ಅಳತೆ ಬರೆದಿಟ್ಟ ಕಾರ್ಡ್ ತೆಗೆದು ನೋಡಿದಳು. ಅವಳದೇ ಅಕ್ಷರದಲ್ಲಿ ಐವತ್ತನಾಲ್ಕು.

"ಆ ಅಗಲ ಮುಖಕ್ಕೆ ಐವತ್ತನಾಲ್ಕಾ?" ಹಿಂದಿನಿಂದ ಇಣುಕಿದ ಚಿಕ್ಕಮ್ಮ ಬೆಚ್ಚಿದರು. "ಅದು ಚಿಕ್ಕ ಮಕ್ಕಳ ಅಳತೆ ಕಣೇ!"

ತಕ್ಷಣ ಎಲ್ಲ ತಿಳಿಯಿತು. ಹಳೆಯ ಸ್ಕೇಲಿನ ಸೊನ್ನೆಯ ತುದಿ ಸವೆದುಹೋಗಿತ್ತು. ಆರು ವರ್ಷ ಅವಳು ಹತ್ತರ ಗೆರೆಯಿಂದ ಅಳೆದು, ಕೊನೆಗೆ ಹತ್ತು ಕಳೆದು ಬರೆಯುತ್ತಿದ್ದಳು. ಅವನ ಕಣ್ಣು ಅಳೆದ ವಾರವೇ ಹೊಸ ಸ್ಕೇಲ್ ಬಂದಿತ್ತು. ಸೊನ್ನೆಯಿಂದಲೇ ಅಳೆದಳು, ಕೈ ಮಾತ್ರ ಹಳೆಯ ಅಭ್ಯಾಸದಂತೆ ಹತ್ತು ಕಳೆಯಿತು. ಬೇರೆಯವರಿಗೆ ಅಳೆಯುವಾಗ ನೆನಪಿತ್ತು. ಅವನ ಹೊತ್ತಿಗೆ ಮರೆತಿತ್ತು.

ಎರಡು ಕಣ್ಣು ಎರಡು ಕಡೆ ಎಳೆಯುವ ಲೆನ್ಸ್ ಹಾಕಿಕೊಂಡು ಆ ಮನುಷ್ಯ ಸುಮಾರು ಮೂರು ವಾರ ಕೆಲಸ ಮಾಡಿದ್ದಾನೆ.

"ಸುಮ್ನೆ ಹೊಸ ಲೆನ್ಸ್ ಹಾಕಿ ಕೊಟ್ಟುಬಿಡು," ಎಂದರು ಚಿಕ್ಕಮ್ಮ ಮೆಲ್ಲಗೆ. "ಕಡ್ಡಿ ಸರಿ ಮಾಡಿದೆ ಅನ್ನು. ಅವನಿಗೆ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ, ನಿಜ. ಆದರೆ ತನ್ನ ಕೈಯೇ ಕೆಟ್ಟದ್ದು ಎಂದುಕೊಂಡು ಅವನು ನಲವತ್ತು ರೋಬೋಗಳನ್ನೂ ಕೊಟ್ಟುಬಿಡುತ್ತಾನೆ, ಬುಧವಾರಗಳೂ ಹೋಗುತ್ತವೆ. ಹೇಳಿದರೆ, ಅವನ ಅತಿ ಪ್ರೀತಿಯ ವಸ್ತುವನ್ನು ಹಾಳು ಮಾಡಿದವಳು ಇವಳೇ ಎಂದು ತಿಳಿಯುತ್ತದೆ, ಆಗಲೂ ಬುಧವಾರಗಳು ಹೋಗುತ್ತವೆ. ಎರಡು ದಾರಿಯ ಕೊನೆಯಲ್ಲೂ ಅವನಿರಲಿಲ್ಲ.

ಅವನು ಇಳಿದು ಬಂದಾಗ ಅವಳು ಕಾರ್ಡನ್ನು ಕೌಂಟರಿನ ಮೇಲಿಟ್ಟು ಅವನ ಕಡೆ ತಿರುಗಿಸಿದಳು.

"ಕಡ್ಡಿ ಅಲ್ಲ. ಅಳತೆ ತಪ್ಪು. ಹತ್ತು ಮಿಲಿಮೀಟರ್. ನಾನೇ ಬರೆದದ್ದು. ನಿಮ್ಮ ಕೈ ಸರಿಯಾಗೇ ಇದೆ. ಅಂಟಿನ ಹೊಳಪು ಕಾಣದೇ ಇದ್ದದ್ದು ನನ್ನಿಂದ."

ಅವನು ಕಾರ್ಡ್ ನೋಡಿದ, ಅವಳನ್ನು ನೋಡಿದ.

"ತಲೆನೋವು ಬರಲಿಲ್ವಾ?"

"ಬಂತು."

"ಮೊದಲ ದಿನವೇ ವಾಪಸ್ ತರಬಹುದಿತ್ತಲ್ಲ!"

"ತಂದ್ರೆ ನೀವು ತಪ್ಪು ಮಾಡಿದ್ರಿ ಅಂದ ಹಾಗೆ ಆಗ್ತಿತ್ತು. ನಿಮ್ಮ ಚಿಕ್ಕಮ್ಮನ ಮುಂದೆ." ಅವನು ತಲೆ ತಗ್ಗಿಸಿದ. "ಅಭ್ಯಾಸ ಆಗುತ್ತೆ ಅಂದ್ಕೊಂಡೆ. ನೀವು ಮಾಡಿಕೊಟ್ಟದ್ದು. ತೆಗೆದಿಡೋಕೆ ಮನಸ್ಸು ಬರಲಿಲ್ಲ."

ಅವಳ ಕಣ್ಣು ತುಂಬಿತು. ತಡೆಯಲು ನೋಡಿದಳು, ಆಗಲಿಲ್ಲ. "ಆರು ವರ್ಷದಲ್ಲಿ ನನ್ನ ಅಳತೆ ತಪ್ಪಿಲ್ಲ. ಅವತ್ತು ನಾನು ಸ್ಕೇಲ್ ನೋಡ್ತಿರಲಿಲ್ಲ ರೀ. ನಿಮ್ಮನ್ನ ನೋಡ್ತಿದ್ದೆ."

ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಯಂತ್ರವೊಂದೇ ಗುಂಯ್ ಎನ್ನುತ್ತಿತ್ತು. ಚಿಕ್ಕಮ್ಮ ಹೋಗಿ ಅದನ್ನು ಆರಿಸಿದರು.

"ಮತ್ತೆ ಅಳೀರಿ," ಎಂದ ಅವನು.

ಅವಳು ಸ್ಕೇಲ್ ಎತ್ತಿಕೊಂಡಳು, ಕೆಳಗಿಟ್ಟಳು. "ನನ್ನ ಕೈಲಿ ಆಗಲ್ಲ ಚಿಕ್ಕಮ್ಮ."

"ಇಬ್ಬರೂ ಸೇರಿ ನನ್ನ ಅಂಗಡಿ ಮುಚ್ಚಿಸ್ತೀರಿ." ಚಿಕ್ಕಮ್ಮ ಸ್ಕೇಲ್ ಕಿತ್ತುಕೊಂಡು ಅವನೆದುರು ಕೂತರು. "ನನ್ನದು ಹಳೇ ಪದ್ಧತಿ. ದೂರ ಗೋಡೆ ಮೇಲಿನ ಬೋರ್ಡ್ ನೋಡಪ್ಪ. ಏಯ್, ಬೋರ್ಡ್ ಅಂದೆ. ಎಡಕ್ಕೆ ಯಾಕೆ ತಿರುಗ್ತೀಯಾ? ಕಣ್ಣು ಆ ಕಡೆ ಹೋದ್ರೆ ನಾನೆಲ್ಲಿ ಅಳೀಲಿ?"

"ಸಾರಿ ಅಮ್ಮ."

"ಮತ್ತೆ ಹೋಯ್ತು! ಅಯ್ಯೋ ದೇವರೇ." ಚಿಕ್ಕಮ್ಮ ಸೋತು ಸ್ಕೇಲ್ ಇಳಿಸಿದರು. "ಹೋಗೇ, ನೀನೇ ಹೋಗಿ ಆ ಬೋರ್ಡಿನ ಮುಂದೆ ನಿಂತ್ಕೋ. ಅಕ್ಷರ ಮುಚ್ಚಿದ್ರೆ ಮುಚ್ಚಲಿ."

ಅವಳು ಹೋಗಿ ನಿಂತಳು. ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಅಷ್ಟು ದೂರದಿಂದ ಆ ಜೇನಿನ ಬಣ್ಣ ಕಾಣುತ್ತಿರಲಿಲ್ಲ, ಆದರೆ ಅವನ ನೋಟ ನೆಟ್ಟಗೆ ಬಂದು ತನ್ನನ್ನು ಮುಟ್ಟಿದ್ದು ಗೊತ್ತಾಯಿತು. ದೂರದ್ದು ಅವನಿಗೆ ಯಾವಾಗಲೂ ಸ್ಪಷ್ಟ ಕಾಣುತ್ತಿತ್ತು.

"ಅರವತ್ತನಾಲ್ಕು," ಎಂದರು ಚಿಕ್ಕಮ್ಮ. "ಬರ್ಕೊಳ್ಳೇ."

"ನಾನು ಅಲ್ಲಾಡಿದ್ರೆ ಅಳತೆ ಕೆಡುತ್ತೆ ಚಿಕ್ಕಮ್ಮ."

"ಅಳತೆ ಆಗಲೇ ಮುಗೀತು ಕಣೇ."

ಇಬ್ಬರೂ ಅಲ್ಲಾಡಲಿಲ್ಲ.