ಇಸಾಕನ ಹರಿದ ಜೇಬು

ಇಸಾಕ ಸತ್ತದ್ದು ಮಾಳಿಗೆಯ ಮೇಲೆ, ಹನ್ನೊಂದು ವರ್ಷ ತಾನೇ ನೋಡಿಕೊಂಡ ಮಷೀನಿನ ಮಗ್ಗುಲಲ್ಲಿ.

೧೯೮೩ರ ಮೇ ತಿಂಗಳು. ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆ. ಅಲ್ಲಿನ ಲ್ಯಾಬೊರೇಟರಿಯ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿದ್ದರು. ಮಧ್ಯಾಹ್ನ ಮೂರೂವರೆಗೆ ಫೌಜದಾರ ಜಗದೇವಪ್ಪ ಏಣಿ ಹತ್ತಿ ಬಂದಾಗ ಬೂಟಿನೊಳಗೂ ಕಾಲು ಸುಟ್ಟಿತು. ಎದುರಿಗೆ ಎರಡು ಕಪಾಟಿನಷ್ಟು ದೊಡ್ಡ ತಗಡಿನ ಎ.ಸಿ. ಮಷೀನು. ಕೆಳಗಿನ ಕೋಣೆಗಳನ್ನು ಬೇಸಿಗೆಯಲ್ಲಿ ತಂಪಾಗಿ, ಚಳಿಗಾಲದಲ್ಲಿ ಬೆಚ್ಚಗೆ ಇಡುವುದು ಅದರ ಕೆಲಸ. ಮಷೀನಿನ ಬಾಗಿಲು ತೆರೆದಿತ್ತು. ಬಿಸಿಲಿಗೆ ಮರೆಯಾಗಿ ಅದರ ಮೇಲೊಂದು ಒದ್ದೆ ಟವೆಲ್ಲು ಇಳಿಬಿಟ್ಟಿತ್ತು. ಇಸಾಕನ ಬಲಗೈ ಬೆರಳುಗಳು ಕರಿಯಾಗಿದ್ದವು. ಖಾಕಿ ಪ್ಯಾಂಟಿನ ಜೇಬು ಹೊರಗೆ ಬಂದಿತ್ತು. ಅದರ ತಳದಲ್ಲಿ ಮೂರು ಬೆರಳು ತೂರುವಷ್ಟು ತೂತು.

ಶಾಕ್ ಹೊಡೆದಿದೆ. ಅದರಲ್ಲಿ ಅನುಮಾನವಿರಲಿಲ್ಲ. ಕರೆಂಟು ಕೊಟ್ಟವರು ಯಾರು? ಅದೊಂದೇ ಪ್ರಶ್ನೆ.

ಆ ಕಾರ್ಖಾನೆಯಲ್ಲಿ ಒಂದು ರೂಢಿ. ಮಾಳಿಗೆ ಹತ್ತುವವನು ಕೆಳಗಿನ ಸ್ವಿಚ್ ಕೋಣೆಯಲ್ಲಿ ಮೇನ್ ಸ್ವಿಚ್ಚಿನ ಹ್ಯಾಂಡಲ್ ಇಳಿಸಿ ಕರೆಂಟು ಬಂದ್ ಮಾಡಬೇಕು. ಮೂರು ಪಿಂಗಾಣಿ ಫ್ಯೂಜು ಕಿತ್ತು ತನ್ನ ಜೇಬಿಗೆ ಹಾಕಿಕೊಂಡೇ ಏಣಿಗೆ ಕಾಲಿಡಬೇಕು. ಫ್ಯೂಜು ಜೇಬಿನಲ್ಲಿದ್ದರೆ ಜೀವವೂ ಜೇಬಿನಲ್ಲಿ ಎಂದು ಇಸಾಕನೇ ಎಲ್ಲರಿಗೂ ಹೇಳಿಕೊಟ್ಟಿದ್ದ. ಈಗ ನೋಡಿದರೆ ಮೂರೂ ಫ್ಯೂಜು ಬೋರ್ಡಿನಲ್ಲೇ ಇದ್ದವು. ಜೇಬು ಖಾಲಿ.

"ಕೀಳಲಿಕ್ಕೆ ಮರ್ತಾನ್ರಿ," ಎಂದ ಸೂಪರ್‌ವೈಜರ್ ಮಾಣಿಕಪ್ಪ. "ವಯಸ್ಸಾಗಿತ್ತು. ಆದ್ರ ಮೇನ್ ಎತ್ತಿದವ ಇವ."

ಅವನು ತೋರಿಸಿದ್ದು ಚಂದ್ರಾಮನನ್ನು. ಮೂವತ್ತರ ಮೆಕ್ಯಾನಿಕ್, ಇಸಾಕನ ಜೊತೆಗಾರ.

ಮಾಣಿಕಪ್ಪನ ಹೇಳಿಕೆ ನೆಟ್ಟಗಿತ್ತು. ಪಾಳಿ ಬದಲಾಗುವ ಎರಡೂವರೆಯ ಭೋಂಗಾ ಕೂಗುವುದಕ್ಕೆ ಹತ್ತು ನಿಮಿಷ ಮೊದಲಿನಿಂದ ನಾನು ಸ್ವಿಚ್ ಕೋಣೆಯಲ್ಲಿದ್ದೆ. ಬೇರೆ ಯಾರೂ ಒಳಗೆ ಬರಲಿಲ್ಲ. ಭೋಂಗಾ ಆದ ಮೇಲೆ ಚಂದ್ರಾಮ ಬಂದ, ಬಂದವನೇ ಮೇನ್ ಎತ್ತಿದ. ಎತ್ತಿದ ಕ್ಷಣವೇ ಮೇಲೆ ಮಷೀನಿನ ಕಂಪ್ರೆಸರು ಗುಡುಗಿತು, ಅದರ ಜೊತೆಗೇ ಚೀರುವ ದನಿ. ನಾನೇ ಓಡಿ ಮೊದಲು ಹತ್ತಿದೆ.

ಚಂದ್ರಾಮ ಹೇಳಿದ್ದೇ ಬೇರೆ. ಕೊಡ ತುಂಬಿಸಲು ನಲ್ಲಿಗೆ ಹೋಗಿದ್ದೆ, ತಿರುಗಿ ಬಂದಾಗ ಮೇನ್ ಎತ್ತಿಯೇ ಇತ್ತು ಎಂದ. ಚಹದ ಅಂಗಡಿಯ ಬಸ್ಸಮ್ಮನನ್ನು ಕೇಳಿದರು. ಭೋಂಗಾ ಆಗುವವರೆಗೂ ಚಂದ್ರಾಮ ತನ್ನ ಕಣ್ಣೆದುರಿಗೇ ನಲ್ಲಿಯ ಹತ್ತಿರ ನಿಂತಿದ್ದ ಎಂದಳು. ಭೋಂಗಾ ಆದೊಡನೆ ಕೊಡ ಎತ್ತಿಕೊಂಡು ಹೋದ. ಅವನು ಹೋಗಿ, ತಾನು ಒಂದು ಕಪ್ಪು ಚಹ ಸೋಸುವುದರೊಳಗೆ ಚೀರಿದ್ದು ಕೇಳಿತು.

ಒಂದು ಕಪ್ಪು ಚಹ ಸೋಸುವಷ್ಟು ಹೊತ್ತು. ಮೇನ್ ಎತ್ತಲು ಅಷ್ಟು ಸಾಕು.

ಅವಳೇ ಇನ್ನೊಂದು ಮಾತನ್ನೂ ಹೇಳಿದಳು. ಮುಂಜಾನೆ ಇಸಾಕ, ಚಂದ್ರಾಮ ಇಬ್ಬರೂ ಜಗಳಾಡಿದ್ದರು. ಇಸಾಕ ಬೈದು, ಅರ್ಧ ಚಹ ಚೆಲ್ಲಿ ಹೋದ.

ಜಗದೇವಪ್ಪ ಚಂದ್ರಾಮನ ಕೊರಳಪಟ್ಟಿ ಹಿಡಿದ.

"ಸಾಹೇಬ್ರ, ಹೊಸಾ ಕಾರ್ಡ್ ಹಾಕೀವ್ರಿ, ಅದು..."

"ಬಾಯಿ ಮುಚ್ಚಲೇ. ನಿನ್ನ ಕಾರ್ಡ್ ಕಟಗೊಂಡು ನನಗೇನ್ ಆಗಬೇಕಾಗ್ಯದ?"

ಠಾಣೆಯಲ್ಲಿ ಪೇದೆ ಹಾಜಿಮಲಂಗ್ ಚಂದ್ರಾಮನ ಜೇಬು ಬರಿದು ಮಾಡಿದ. ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ, ಕಾಗದಕ್ಕೆ ಚುಚ್ಚಿದ ಒಂದು ಸೂಜಿ. ಸೂಜಿಗೆ ಖಾಕಿ ದಾರ ಪೋಣಿಸಿತ್ತು. ಎಲ್ಲವೂ ಮೇಜಿನ ಡ್ರಾಯರಿಗೆ ಹೋದವು. ಚಂದ್ರಾಮನ ಹೆಂಡತಿ ದ್ರೌಪದಿ ಬಂದು ಬಾಗಿಲ ಹತ್ತಿರ ಕೂತಳು. ನಾಳೆ ಕೋರ್ಟಿಗೆ ಒಯ್ಯುತ್ತೇವೆ, ಏಳು ಎಂದರೂ ಏಳಲಿಲ್ಲ.

*

ಇಸಾಕನ ಹೆಣ ಕೇಳಲು ಯಾರೂ ಬರಲಿಲ್ಲ.

ಊರು ಕುಂಚಾವರಂ ಕಡೆಯದು. ಹೆಂಡತಿ ತೀರಿ ಒಂಬತ್ತು ವರ್ಷ. ಮಕ್ಕಳಿಲ್ಲ. ಜಗದೇವಪ್ಪ ಅವನ ಕ್ವಾರ್ಟರ್ಸಿನ ಬೀಗ ತೆಗೆಸಿದ. ಒಂದು ಕೋಣೆ. ಒಂದು ತಾಟು, ಒಂದು ಗ್ಲಾಸು. ಗೂಟಕ್ಕೆ ಎರಡು ಅಂಗಿ. ಒಂದಕ್ಕೆ ಗುಂಡಿಯ ಜಾಗದಲ್ಲಿ ತಂತಿ ಸುತ್ತಿದ್ದ. ಪಕ್ಕದ ಮನೆಯವರಿಗೆ ಅವನ ಊಟ ಯಾವಾಗ, ನಿದ್ದೆ ಯಾವಾಗ ಗೊತ್ತಿರಲಿಲ್ಲ. ರಜೆಯ ದಿನವೂ ಮಾಳಿಗೆಗೆ ಹೋಗಿ ಮಷೀನಿನ ನೆರಳಲ್ಲಿ ಕೂತಿರುತ್ತಿದ್ದ ಎಂದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಮುಂಜಾನೆ ಜಗದೇವಪ್ಪ ಒಬ್ಬನೇ ಮತ್ತೆ ಮಾಳಿಗೆ ಹತ್ತಿದ. ಮಷೀನಿನ ಹಿಂದೆ ಒಂದು ಬುತ್ತಿ ಡಬ್ಬಿ ಇತ್ತು. ನಿನ್ನೆ ಎಲ್ಲರೂ ಕಂಡಿದ್ದರು. ಒಯ್ದು ಯಾರ ಮನೆಗೆ ಕೊಡಬೇಕು ಎಂದು ಬಿಟ್ಟಿದ್ದರು. ರೊಟ್ಟಿ ಹಳಸಿರುತ್ತದೆ, ಚೆಲ್ಲಿಬಿಡೋಣ ಎಂದು ಅವನು ಮುಚ್ಚಳ ತೆಗೆದ.

ಎರಡು ಜೋಳದ ರೊಟ್ಟಿ, ಮುಟ್ಟಿಲ್ಲ. ರೊಟ್ಟಿಯ ಕೆಳಗೆ ಬಟ್ಟೆ ಸುತ್ತಿದ ಮೂರು ಪಿಂಗಾಣಿ ಫ್ಯೂಜು. ಅವುಗಳ ನಡುವೆ ಸುಟ್ಟು ಕರಿಯಾದ ತಾಮ್ರದ ತಂತಿಯ ತುಂಡು.

ಜಗದೇವಪ್ಪ ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕೂತ. ಇಸಾಕ ಮರೆತಿರಲಿಲ್ಲ. ಜೇಬು ಹರಿದಿತ್ತು, ಡಬ್ಬಿಯಲ್ಲಿಟ್ಟಿದ್ದ. ಹಾಗಾದರೆ ಕೆಳಗೆ ಬೋರ್ಡಿನಲ್ಲಿರುವುದು ಯಾವ ಫ್ಯೂಜು?

ಇಳಿದು ನೋಡಿದ. ಸಿಮೆಂಟ್ ಕಾರ್ಖಾನೆ. ಬೋರ್ಡು, ಗೋಡೆ, ಬಾಗಿಲು, ಜೇಡರ ಬಲೆ, ಎಲ್ಲವೂ ಬೂದಿ ಬಣ್ಣ. ಮೂರು ಫ್ಯೂಜು ಮಾತ್ರ ತೊಳೆದಿಟ್ಟ ಹಲ್ಲಿನ ಹಾಗೆ ಬೆಳ್ಳಗಿದ್ದವು. ನಿನ್ನೆಯೂ ಹಾಗೇ ಇದ್ದವು. ಕೂಗಾಡುವ ಭರದಲ್ಲಿ ನೋಡಿರಲಿಲ್ಲ.

ಹೊಸ ಫ್ಯೂಜು ಇಡುವ ಕಪಾಟಿನ ಕೀಲಿ ಯಾರ ಹತ್ತಿರ ಎಂದು ವಿಚಾರಿಸಿದ. ಸೂಪರ್‌ವೈಜರ್ ಹತ್ತಿರ ಮಾತ್ರ ಎಂದರು.

ಅವನು ಮೇನ್ ಎತ್ತಿದ. ಏನೂ ಆಗಲಿಲ್ಲ. ಮೇಲೆ ಸದ್ದಿಲ್ಲ. ಇಳಿಸಿ ಮತ್ತೆ ಎತ್ತಿದ. ಇಲ್ಲ. ಮಷೀನಿಗೂ ಅದನ್ನು ಮಾಡಿದವನಿಗೂ ಬೈದು ಹೊರಗೆ ಬಂದು ಬೀಡಿ ಹಚ್ಚಿದ. ಬೀಡಿ ಸೇದಿ ಮುಗಿಯಲು ಬಂದಿತ್ತು. ಆಗ ತಲೆಯ ಮೇಲೆ ಕಂಪ್ರೆಸರು ಗುಡುಗಿತು.

ಬೀಡಿ ಕೈಯಿಂದ ಬಿತ್ತು.

*

"ಕಾರ್ಡ್ ಅಂದ್ರ ಏನು? ಈಗ ಹೇಳು." ಜಗದೇವಪ್ಪ ಲಾಕಪ್ಪಿನೊಳಗೆ ನೆಲದ ಮೇಲೇ ಕೂತಿದ್ದ.

ಚಂದ್ರಾಮ ಹೇಳಿದ. ಮೊದಲೆಲ್ಲ ಮೇನ್ ಎತ್ತಿದರೆ ಮಷೀನು ಆ ಗಳಿಗೆಯಲ್ಲೇ ಸುರು. ಎಂಟು ದಿನದ ಹಿಂದೆ ಬೊಂಬಾಯಿಯಿಂದ ಎಲೆಕ್ಟ್ರಾನಿಕ್ ಕಾರ್ಡ್ ಬಂತು. ಅಂಗೈಯಗಲದ ಹಸಿರು ಹಲಗೆ. ಇಸಾಕ, ತಾನು ಇಬ್ಬರೇ ಕೂಡಿಸಿದ್ದು. ಕರೆಂಟು ಬಂದ ಮೇಲೆ ಆ ಕಾರ್ಡ್ ಐದು ನಿಮಿಷ ಕಾಯುತ್ತದೆ. ಒಳಗಿನ ಗ್ಯಾಸಿನ ಒತ್ತಡ ಸಮ ಆಗಲಿ ಎಂದು. ಅಲ್ಲಿಯವರೆಗೆ ಕಂಪ್ರೆಸರಿನ ವೈರಿಗೆ ಕರೆಂಟು ಹೋಗುವುದಿಲ್ಲ, ಫ್ಯಾನೂ ತಿರುಗುವುದಿಲ್ಲ. ಕಾರ್ಡಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಾತ್ರ ಮಿಣುಕುತ್ತದೆ. ಇಸಾಕ ಬಿಸಿಲಿಗೆಂದು ಅದರ ಮುಂದೆಯೇ ಟವೆಲ್ಲು ಇಳಿಬಿಟ್ಟಿದ್ದ, ದೀಪ ಕಂಡಿರಲಿಕ್ಕಿಲ್ಲ.

"ಮಾಣಿಕಪ್ಪಗ ಇದು ಗೊತ್ತದನು?"

"ಇಲ್ರಿ. ಮಗಳ ಲಗ್ನಕ್ಕಂತ ಹದಿನೈದು ದಿನ ರಜಾದಾಗಿದ್ರು. ನಿನ್ನೆ ಮುಂಜಾನೆನೇ ಬಂದಾರ."

ತಂತಿಯ ತುಂಡನ್ನು ತೋರಿಸಿದಾಗ ಚಂದ್ರಾಮ ಅದನ್ನು ಕೈಗೆ ತೆಗೆದುಕೊಂಡು ಅದರ ಕಥೆಯನ್ನೂ ಹೇಳಿದ. ಒತ್ತಡ ಮಿತಿ ಮೀರಿದರೆ ಮಷೀನು ನಿಲ್ಲಿಸಲು ಒಂದು ಸ್ವಿಚ್ಚಿರುತ್ತದೆ. ಯಾರೋ ಆ ಸ್ವಿಚ್ಚಿಗೆ ತಂತಿ ಅಡ್ಡ ಬಿಗಿದು, ಅದು ಕೆಲಸ ಮಾಡದಂತೆ ಮಾಡಿದ್ದರು. ಎರಡು ವರ್ಷದ ಹಿಂದೆ ಕಂಪ್ರೆಸರು ಸುಟ್ಟಿತು. ತಪ್ಪು ಲಾಲ್ ಅಹ್ಮದ್ ಎಂಬ ಆಪರೇಟರನ ತಲೆಗೆ ಬಂದು ಅವನ ನೌಕರಿ ಹೋಯಿತು. ಕಾರ್ಡ್ ಕೂಡಿಸುವಾಗ ಆ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಇಸಾಕನಿಗೆ ಈ ತುಂಡು ಸಿಕ್ಕಿತು. ಪೆಟ್ಟಿಗೆಯ ಕೀಲಿ ಆಗ ಇದ್ದದ್ದು ಮಾಣಿಕಪ್ಪನೊಬ್ಬನ ಹತ್ತಿರ. ಸೋಮವಾರ ಬರುವ ಇಂಜಿನಿಯರಿಗೆ ತೋರಿಸುತ್ತೇನೆ ಎಂದು ಇಸಾಕ ನಿನ್ನೆ ಮಾಣಿಕಪ್ಪನ ಮುಖಕ್ಕೇ ಹೇಳಿದ್ದ.

"ನಿಮ್ಮಿಬ್ಬರ ಜಗಳ?"

"ಜೇಬಿಂದ್ರಿ." ಚಂದ್ರಾಮ ತನ್ನ ಖಾಲಿ ಜೇಬು ಮುಟ್ಟಿದ. "ಜೇಬು ಹರದದ ಕಾಕಾ, ಫ್ಯೂಜ್ ಬಿದ್ದು ಹೋಗ್ತಾವ, ಕೊಡು, ದ್ರೌಪದಿ ಸೂಜಿ ದಾರ ಕಳಸ್ಯಾಳ, ನಾನೇ ಹೊಲೀತೀನಿ ಅಂದೆ. ನನಗ ಯಾರೂ ಹೊಲದು ಕೊಡೋದು ಬ್ಯಾಡ ಅಂತ ಬೈದ್ರಿ."

*

ಮಾಣಿಕಪ್ಪನನ್ನು ಸ್ವಿಚ್ ಕೋಣೆಗೇ ಕರೆಸಿದರು. ಹಾಜಿಮಲಂಗ್ ಬಾಗಿಲಲ್ಲಿ ನಿಂತ.

"ಚಂದ್ರಾಮ ಎತ್ತಿದ ಕ್ಷಣಕ್ಕ ಮಷೀನ್ ಸುರು ಆತು ಅಂದಿರಿ. ಎತ್ತಿ ತೋರಿಸ್ರಿ."

ಮಾಣಿಕಪ್ಪ ಎತ್ತಿದ. ಮೇಲೆ ಸದ್ದಿಲ್ಲ.

ಜಗದೇವಪ್ಪ ಗಡಿಯಾರ ನೋಡುತ್ತ ಹೇಳಿದ. ಇದು ಐದು ನಿಮಿಷ ಕಾಯುವ ಮಷೀನು. ಇಸಾಕ ಚೀರಿದ್ದು ಭೋಂಗಾ ಆದ ಮೇಲೆ ಒಂದು ಕಪ್ಪು ಚಹ ಸೋಸುವುದರೊಳಗೆ. ಅಂದರೆ ಮೇನ್ ಎತ್ತಿದ್ದು ಭೋಂಗಾ ಆಗುವ ಮೊದಲು. ಆಗ ಚಂದ್ರಾಮ ಬಸ್ಸಮ್ಮನ ಕಣ್ಣೆದುರಿಗೆ ನಲ್ಲಿಯ ಹತ್ತಿರ. ಈ ಕೋಣೆಯಲ್ಲಿ ಯಾರಿದ್ದರು? ನೀವೇ ಬರೆಸಿದ್ದೀರಿ, ನಾನೊಬ್ಬನೇ ಎಂದು. ಫ್ಯೂಜು ಇಲ್ಲದ ಬೋರ್ಡಿಗೆ ಕಪಾಟಿನಿಂದ ಹೊಸ ಫ್ಯೂಜು ತೆಗೆದು ಹಾಕಿದಿರಿ. ಹಳೆಯವು ಇಸಾಕನ ಹತ್ತಿರ ಸಿಗಬಾರದು, ಅದಕ್ಕೇ ಮೊದಲು ಹತ್ತಿ ಜೇಬು ಹುಡುಕಿದಿರಿ. ಸಿಗಲಿಲ್ಲ. ಜನ ಬಂದರು. ಜೇಬು ಒಳಗೆ ತಳ್ಳಲೂ ಪುರಸೊತ್ತಾಗಲಿಲ್ಲ.

ಅವನು ಮೂರು ಫ್ಯೂಜು, ತಂತಿಯ ತುಂಡು, ಬುತ್ತಿ ಡಬ್ಬಿ ಮೇಜಿನ ಮೇಲಿಟ್ಟ.

ಮಾಣಿಕಪ್ಪ ಬಹಳ ಹೊತ್ತು ಡಬ್ಬಿಯನ್ನೇ ನೋಡಿದ.

"ಎತ್ತಿದ ಮ್ಯಾಲೆ ಏನೂ ಆಗಲಿಲ್ರಿ," ಎಂದ. "ಕೆಟ್ಟದ ಅನ್ಕೊಂಡೆ. ನಿಂತೆ. ಮ್ಯಾಲೆ ಅವ ಒಬ್ಬನೇ ಏನೋ ಮಾತಾಡಾಕತ್ತಿದ್ದ. ಮಷೀನಿನ ಕೂಡ."

"ಕೇಳಸ್ತಿತ್ತು?"

"ಕೇಳಸ್ತಿತ್ರಿ."

"ಐದು ನಿಮಿಷ ಕೇಳಕೋತ ನಿಂತಿ. ಕೈ ಹ್ಯಾಂಡಲ್ ಹತ್ರನೇ ಇತ್ತು. ಇಳಿಸಬೇಕು ಅನಸಲಿಲ್ಲ?"

ಮೇಲೆ ಕಂಪ್ರೆಸರು ಗುಡುಗಿತು. ಕೋಣೆಯಲ್ಲಿ ಬೆಚ್ಚಿದವನು ಮಾಣಿಕಪ್ಪನೊಬ್ಬನೇ.

*

ಠಾಣೆಯಲ್ಲಿ ಜಗದೇವಪ್ಪ ಡ್ರಾಯರು ತೆಗೆದು ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಚಂದ್ರಾಮನ ಕೈಗಿಟ್ಟ. ನಿನ್ನೆ ನಿನ್ನ ಮಾತು ಕೇಳಬೇಕಾಗಿತ್ತು ಎಂದ. ಅಂಥ ಮಾತು ಆಡಿ ಅವನಿಗೆ ರೂಢಿಯಿರಲಿಲ್ಲ, ದನಿ ಒರಟಾಗಿಯೇ ಬಂತು. ದ್ರೌಪದಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೆಣವನ್ನು ಯಾರಿಗೆ ಒಪ್ಪಿಸಬೇಕು ಎಂದು ಹಾಜಿಮಲಂಗ್ ಕೇಳಿದ. ನಮಗೇ ಕೊಡಿ, ಮಣ್ಣು ಮಾಡಲು ಬೇಕಾದವರನ್ನು ಕರೆತರುತ್ತೇನೆ ಎಂದ ಚಂದ್ರಾಮ. ಸಂಬಂಧ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಪೇದೆ ಪೆನ್ನು ಹಿಡಿದು ನಿಂತ.

"ಮಾಳಿಗಿ ಮ್ಯಾಲೆ ಜೋಡಿ ಕೆಲಸ ಮಾಡಾಂವ ಅಂತ ಬರೀರಿ," ಎಂದ ಚಂದ್ರಾಮ.

ಡ್ರಾಯರಿನಲ್ಲಿ ಸೂಜಿ ಉಳಿದಿತ್ತು. ಜಗದೇವಪ್ಪ ಅದನ್ನು ಕಾಗದದ ಸಮೇತ ಎತ್ತಿಕೊಟ್ಟ. ಖಾಕಿ ದಾರ ಪೋಣಿಸಿದ್ದು ಪೋಣಿಸಿದ ಹಾಗೇ ಇತ್ತು.