ಬರೆಯದ ರಾಜೀನಾಮೆ

ಪಾಸ್‌ವರ್ಡ್ ಒಪ್ಪುತ್ತಿಲ್ಲ. ಅನ್ನಪೂರ್ಣ ಮತ್ತೆ ಒತ್ತಿದಳು. ಖಾತೆ ಮುಚ್ಚಿದೆ ಎಂಬ ಅದೇ ಉತ್ತರ.

"ಖಾದರ, ನಂದ ಯಾಕ ತಗೀವಲ್ದು?"

ಪಕ್ಕದ ಮೇಜಿನ ಕಂಪ್ಯೂಟರ್ ಆಪರೇಟರ್ ಖಾದರ ತಲೆ ಎತ್ತಲಿಲ್ಲ. "ನೀವ ರಾಜೀನಾಮಿ ಕಳಿಸೀರಂತಲ್ರಿ, ಅಕ್ಕಾರ."

"ನಾನ? ಯಾವಾಗ?"

೨೦೦೬ರ ಬೇಸಿಗೆ. ಗಜೇಂದ್ರಗಡದ ಆ ಕೈಮಗ್ಗ ಸೀರೆ ಕಂಪನಿಗೆ ರೋಣ, ನರಗುಂದಗಳಲ್ಲೂ ಅಂಗಡಿಗಳಿದ್ದವು. ನೇಕಾರರು ತಂದ ಸೀರೆ ಪರೀಕ್ಷಿಸಿ ಕೈಮಗ್ಗದ ಮುದ್ರೆ ಒತ್ತುವುದು ಅನ್ನಪೂರ್ಣಳ ಕೆಲಸ. ಹಿಂದಿನ ದಿನ ಒಡತಿ ವೀರವ್ವನಿಗೆ ಅವಳ ಹೆಸರಿನಲ್ಲಿ ರಾಜೀನಾಮೆಯ ಇಮೇಲ್ ಬಂದಿತ್ತು. ನೊಂದುಕೊಂಡ ವೀರವ್ವ ಒಂದು ಮಾತೂ ಕೇಳದೆ ಫೋನ್ ಮಾಡಿ ಖಾತೆ ಮುಚ್ಚಿಸಿದ್ದಳು.

ಮುಚ್ಚಿದವಳು ಸಾನಿಯಾ. ಕಂಪನಿಯ ಸರ್ವರ್ ನೋಡಿಕೊಳ್ಳುವವಳು. ಅನ್ನಪೂರ್ಣ ತಾನು ಬರೆದೇ ಇಲ್ಲ ಎಂದಾಗ ವೀರವ್ವ ಅವಳನ್ನು ಕರೆಸಿದಳು; ಮಧ್ಯಾಹ್ನ ಗದಗಿನಿಂದ ಬಸ್ಸಿನಲ್ಲಿ ನಿಂತೇ ಬಂದಳು. ಕಣ್ಣ ಕೆಳಗೆ ಕಪ್ಪು. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ಇದರಾಗ ನೋಡೂದೇನೈತಿ?" ಎಂದ ಕಳಕಪ್ಪ. ವೀರವ್ವನ ಮೈದುನ; ನರಗುಂದದ ಅಂಗಡಿ ಅವನದು. ಅಂದು ಸರಕು ಒಯ್ಯಲು ಬಂದಿದ್ದ. "ಆಕಿ ಪಾಸ್‌ವರ್ಡ್ ಖಾದರಗ ಗೊತ್ತೈತಿ. ಅವನ ಮಾಡ್ಯಾನ. ಪಾಸ್‌ವರ್ಡ್ ಕೊಟ್ಟಾಕಿನ್ನೂ ಅವನ್ನೂ ಇಬ್ಬರನ್ನೂ ಬಿಡಿಸ್ರಿ, ವೈನಿ."

ಖಾದರ ಎದ್ದು ನಿಂತ. "ಗೊತ್ತೈತ್ರಿ, ಖರೇ. ಆದ್ರ ನಾ ಕಳಿಸಿಲ್ಲ."

"ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳೂದ್ರಿ?" ಸಾನಿಯಾ ನಿಟ್ಟುಸಿರಿಟ್ಟಳು. ವೀರವ್ವನ ಪರದೆಯ ಮೇಲೆ ಆ ಮೇಲ್ ತೆರೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅನ್ನಪೂರ್ಣಳತ್ತ ತಿರುಗಿ ಕೇಳಿದಳು—

"ನಿಮ್ಮ ಮದುವಿ ಯಾವಾಗ ಆತ್ರಿ?"



"ಉಗಾದಿ ಆದ ಮ್ಯಾಲ. ಯಾಕ್ರಿ?"

"ಆಗ ಅಡ್ಡಹೆಸರು ಬದಲ ಮಾಡಿಸಿದ್ರಿ, ಹೌದಲ್ರಿ?"

"ಹೌದ್ರಿ. ಅಬ್ಬಿಗೇರಿ ಇತ್ತು, ನರೇಗಲ್ ಆತು. ನೀವ ಮಾಡಿಕೊಟ್ರಿ."

ಸಾನಿಯಾ ಪರದೆಗೆ ಬೆರಳಿಟ್ಟಳು. "ಇಲ್ಲಿ ನೋಡ್ರಿ. ಕಳಿಸಿದವರು ಅನ್ನಪೂರ್ಣ ಅಬ್ಬಿಗೇರಿ."

"ಅದಕ್ಕೇನಾತು?" ಕಳಕಪ್ಪ ಕೇಳಿದ.

"ಸರ್ವರ್‌ನಾಗ ಖಾತೆ ಇದ್ದವರೆಲ್ಲಾರ ಹೆಸರಿನ ಡೈರೆಕ್ಟರಿ ಐತ್ರಿ. ಇಲ್ಲಿ ಆಗ್ಲಿ, ರೋಣದಾಗ ಆಗ್ಲಿ, ಯಾರ ಖಾತೆ ತಗದು ಮೇಲ್ ಕಳಿಸಿದ್ರೂ ಹೆಸರು ಅಲ್ಲಿಂದನ ಬೀಳ್ತೈತಿ. ಖಾದರ ಕಳಿಸಿದ್ರ ನರೇಗಲ್ ಅಂತಿರತಿತ್ತು. ಡೈರೆಕ್ಟರಿಗೆ ಸೇರದ ಕಂಪ್ಯೂಟರ್ ಮಷೀನ್ ಒಂದ ಐತಿ. ಫೋನ್ ಲೈನಿನ ಮ್ಯಾಲ ನಡೀತೈತಿ. ಅಲ್ಲಿ ಕಳಿಸೋರ ಹೆಸರು ಕೈಲೆ ಹೊಡೀಬೇಕು. ಪಾಸ್‌ವರ್ಡೂ ಬೇಕಿಲ್ಲ. ಅದನ್ನ ಸರಿ ಮಾಡೋಣ ಅಂದಾಗೆಲ್ಲಾ ನೀವ ‘ಮುಂದ ನೋಡೋಣ’ ಅಂದ್ರಿ, ಅವ್ವಾರ."

"ಯಾವ ಮಷೀನ್?" ವೀರವ್ವನ ದನಿ ಇಳಿದಿತ್ತು.

"ನರಗುಂದದ್ದು. ಸರ್ವರಿನ ದಾಖಲಿನೂ ಈಗ ತಗದ ನೋಡಿದೆ. ಮೇಲ್ ಆ ಲೈನಿನಿಂದನ ಬಂದೈತಿ. ಆ ಮಷೀನ್ ಇಟ್ಟ ಕ್ಯಾಬಿನ್ ಕೀಲಿ ಯಾರ ಕಡೆ ಇರ್ತೈತ್ರಿ?"

ಯಾರೂ ಹೇಳಬೇಕಾಗಿರಲಿಲ್ಲ. ಆ ಕೀಲಿಯನ್ನು ಕಳಕಪ್ಪ ಬೇರೆಯವರ ಕೈಗೆ ಕೊಟ್ಟವನೇ ಅಲ್ಲ.

"ಮಷೀನ್ ಹೇಳಿದ್ದು ಖರೇ, ನಾ ಹೇಳಿದ್ದು ಸುಳ್ಳೇನು, ವೈನಿ?"

ವೀರವ್ವ ಅವನನ್ನೇ ನೋಡುತ್ತಿದ್ದಳು. "ನರಗುಂದದಾಗ ಪವರ್‌ಲೂಮ್ ಸೀರಿಗೆ ಕೈಮಗ್ಗದ ಮುದ್ರಿ ಒತ್ತಿ ಮಾರತಾರ ಅಂತ ಅನ್ನಪೂರ್ಣ ಹೇಳಿದ್ಲು. ನಾನ ಬಂದು ನಿನಗ ಕೇಳಿದೆ. ಸುಳ್ಳು ಅಂದಿ. ಎರಡ ದಿನಕ್ಕ ಈಕಿ ರಾಜೀನಾಮಿ ಬಂತು..."

ಕಳಕಪ್ಪ ಕಿಟಕಿಯಾಚೆ ನೋಡಿದ. "ಕೈಮಗ್ಗದ್ದ ಮಾರಿದ್ರ ಅಂಗಡಿ ನಡೀಬೇಕಲ್ಲ, ವೈನಿ."

"ಇವನ ಖಾತೆ ಮುಚ್ಚವ್ವಾ, ಸಾನಿಯಾ."

"ನರಗುಂದದ ಮಷೀನಿನ ಗತೆ ಇವರ ಹೆಸರೂ ಡೈರೆಕ್ಟರಿಯಾಗ ಇಲ್ಲರಿ. ಮುಚ್ಚಾಕ ಏನೂ ಇಲ್ಲ."

ವೀರವ್ವ ಎದ್ದು ಮೈದುನನ ಮುಂದೆ ಕೈ ಚಾಚಿದಳು. ಅವನು ತಡವರಿಸಿದ. ಕಡೆಗೆ ಜೇಬಿನಿಂದ ಕೀಲಿಗೊಂಚಲು ತೆಗೆದು ಅವಳ ಅಂಗೈಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದ.

ಸಾನಿಯಾ ಅನ್ನಪೂರ್ಣಳ ಖಾತೆ ತೆರೆದುಕೊಟ್ಟಳು. ಖಾದರ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ.

"ನಿನ್ನ ಒಂದ ಮಾತ ಕೇಳಬೇಕಿತ್ತು ನಾ," ಎಂದಳು ವೀರವ್ವ ಅನ್ನಪೂರ್ಣಳಿಗೆ. "ನಾಳಿ ಇಬ್ಬರೂ ನರಗುಂದಕ್ಕ ಹೋಗೋಣ. ಸುಳ್ಳ ಮುದ್ರಿ ಇದ್ದ ಸೀರಿ ಎಲ್ಲಾ ತಗದ ಇಡು."

ಅನ್ನಪೂರ್ಣ ಮೇಜಿನ ಮೇಲಿದ್ದ ಮುದ್ರೆಯನ್ನು ಕೈಗೆತ್ತಿಕೊಂಡಳು.

"ಅಂಗಡ್ಯಾಗ ಇದ್ದದ್ದು ತಗದ ಇಡತೀನ್ರಿ, ಅವ್ವಾರ. ನನ್ನ ಮುದ್ರಿ ನಂಬಿ ಉಟಗೊಂಡ ಹೋದವ್ರನ್ನ ಎಲ್ಲಿ ಹುಡಕೂದ್ರಿ?"