ಜಕ್ಕಲಿಯ ಒಣ ನಾಲಿಗೆಗಳು

೧೮೫೫ನೆಯ ಇಸವಿ, ಮಾಘ ಮಾಸ, ಸೋಮವಾರ. ರೋಣದ ಕಚೇರಿಯಲ್ಲಿ ಫೌಜದಾರ ನಜೀರಸಾಬರು ಬೆಳಗಿನ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಜಕ್ಕಲಿಯ ತಳವಾರ ಪರಶಪ್ಪ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ಊರು ಕಾಯಬೇಕಾದವನು ಊರು ಬಿಟ್ಟು ಕತ್ತಲಲ್ಲೇ ನಡೆದು ಬಂದಿದ್ದಾನೆಂದರೆ ವಿಷಯ ಸಣ್ಣದಲ್ಲ ಎಂದು ಸಾಹೇಬರಿಗೆ ಗೊತ್ತಾಯಿತು. ಆದರೂ ಎಲೆ ಮಡಚಿ ಬಾಯಿಗಿಟ್ಟುಕೊಂಡೇ ಕೇಳಿದರು.

"ಏನಾತು?"

"ನಮ್ಮೂರಾಗ ಮಾಟ ಆಗೇತ್ರಿ. ನಿನ್ನೆ ಮಧ್ಯಾಹ್ನ ಕಳಕಪ್ಪ ಸಾವಕಾರ್ರ ಮನ್ಯಾಗ ಮಗಳ ನಿಶ್ಚಯ ಇತ್ತು. ಮೊದಲನೇ ಪಂಕ್ತಿಗೆ ಉಂಡ ನಾಕೂ ಮಂದಿಗೆ ಹುಚ್ಚು ಹಿಡದೈತಿ."

"ಯಾರ್‍ಯಾರು?"

"ಸಾವಕಾರ್ರು, ಅವರ ಅಕ್ಕ ಹೊನ್ನವ್ವ, ಇಟಗಿಯಿಂದ ಬಂದ ಬೀಗ್ರು ಪ್ರಭುಲಿಂಗಪ್ಪ, ಮತ್ತ ನಮ್ಮೂರ ವೈದ್ಯ ತೋಟಪ್ಪ."

"ಮಾಟ ಮಾಡಿದೋರು?"

"ಕೂಲಿ ಗಾಳೆವ್ವ ಅಂತಾರ್ರಿ. ಊಟಕ್ಕ ಕೆಂಪ ಖಾರದ ಚಟ್ನಿ, ರಂಜಕ, ಅರದಾಕಿ ಆಕೀನ. ಇವತ್ತ ಹೊತ್ತ ಮುಣಗೂದ್ರಾಗ ಆಕೀನ ಊರ ಬಿಟ್ಟು ಓಡಸ್ತಾರಂತ. ಸಾವಕಾರ್ರ ಮಗಳು ನೀಲವ್ವ ಗುಟ್ಟಾಗಿ ನನ್ನ ಕಳಿಸ್ಯಾಳ್ರಿ. ಸಣ್ಣಾಕಿದ್ದಾಗಿಂದ ಆಕೀನ ಎತ್ತಿ ಆಡಿಸಿದಾಕಿ ಗಾಳೆವ್ವ."

ನಜೀರಸಾಬರು ವರ್ದಿ ಬರೆಸಿಕೊಂಡರು. ಕಾರಕೂನ 'ಮಾಟ' ಎಂದು ಬರೆಯಹೋದಾಗ ತಡೆದು, 'ಕಾರಣ ಗೊತ್ತಿಲ್ಲದ ಬ್ಯಾನಿ' ಎಂದು ಬರೆಸಿದರು. ಆಮೇಲೆ ಶಿಪಾಯಿ ಗೌಸುಸಾಬನನ್ನು ಕರೆದುಕೊಂಡು ಕುದುರೆ ಹತ್ತಿದರು.

ಜಕ್ಕಲಿ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಸಾವಕಾರರ ಅಂಗಳದ ತುಂಬ ಜನ. ಊರಿಗೆ ಕಷ್ಟ ಬಂದಿದೆ ಎಂದು ಮೇಲೆ ಮೇಲೆ ಮುಖ ಸಪ್ಪೆ ಮಾಡಿಕೊಂಡಿದ್ದರೂ ಅವರಲ್ಲಿ ಅರ್ಧ ಜನ ನಗು ತಡೆಯಲು ಬಾಯಿಗೆ ಸೆರಗು, ರುಮಾಲು ಒತ್ತಿಕೊಂಡಿದ್ದರು. ನಗದೆ ಏನು ಮಾಡುವುದು? ಎಂದೂ ಹೊಲಕ್ಕೆ ಕೈ ಹಚ್ಚದ ಕಳಕಪ್ಪ ಸಾವಕಾರರು ಗಾಳಿಯಲ್ಲಿ ಹತ್ತಿ ಬಿಡಿಸಿ ಬಿಡಿಸಿ ಇಲ್ಲದ ಉಡಿಗೆ ತುಂಬುತ್ತಿದ್ದರು. ಬೀಗರು ಕಟ್ಟೆಯ ಮೇಲೆ ಕುಳಿತು ಕಂಬಕ್ಕೆ ಹೈ ಹೈ ಎನ್ನುತ್ತ ಇಟಗಿಗೆ ಬಂಡಿ ಹೊಡೆಯುತ್ತಿದ್ದರು. ಹೊನ್ನವ್ವ ಖಾಲಿ ಗೋಡೆಯ ಮುಂದೆ ಬಾಗಿ, "ಇನ್ನೊಂದ ರೊಟ್ಟಿ ಹಾಕ್ಕೋ ತಮ್ಮಾ" ಎಂದು ಒತ್ತಾಯ ಮಾಡುತ್ತಿದ್ದಳು. ಎಲ್ಲರಿಗಿಂತ ಜೋರು ವೈದ್ಯ ತೋಟಪ್ಪನದು. ಮೈಗೆಲ್ಲ ಬೂದಿ ಬಳಿದುಕೊಂಡು ಹೊರಳುತ್ತ, "ಅರೆದ ಕೈ, ಗಾಳೆವ್ವನ ಕೈ" ಎಂದು ಕೂಗುತ್ತಿದ್ದ.

ಗಾಳೆವ್ವ ದನದ ಕೊಟ್ಟಿಗೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖ ಹಚ್ಚಿ ಕುಳಿತಿದ್ದಳು. ನೀಲವ್ವ ಅಡ್ಡ ನಿಂತಿದ್ದಳು.

"ಇಲ್ಲೇ ಹುಟ್ಟಿ ಇಲ್ಲೇ ದುಡದೀನ್ರಿ ಸಾಹೇಬ್ರ," ಎಂದಳು ಗಾಳೆವ್ವ. "ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗ್ಲಿ?"

"ಹೊತ್ತು ಮುಣಗಾಕ ಇನ್ನೂ ಬೇಕಾದಷ್ಟು ವ್ಯಾಳ್ಯಾ ಐತಿ. ಸುಮ್ನ ಕೂಡವ್ವ."

ಊರ ಹಿರಿಯರಲ್ಲಿ ಒಬ್ಬರು ಮುಂದೆ ಬಂದು, ಬಡಬಡಿಸುವುದೇ ದೆವ್ವದ ಗುರುತು ಎಂದರು. ನಜೀರಸಾಬರು ತಲೆಯಾಡಿಸಿದರು.

"ಬಡಬಡಿಸೋದು ಜ್ವರದಾಗೂ ಐತಿ, ಸೆರೆ ಕುಡದ್ರೂ ಐತಿ. ಎಲ್ಲಾ ಬ್ಯಾನ್ಯಾಗೂ ಇರೋ ಗುರುತು ತಗೊಂಡು ಏನ್ಮಾಡೂದ್ರಿ? ಈ ಬ್ಯಾನಿಗಷ್ಟ ಇರೋ ಗುರುತು ಬೇಕು."

ಇದನ್ನು ಅವರು ಪುಸ್ತಕ ಓದಿ ಕಲಿತಿರಲಿಲ್ಲ. ಹೊಸದಾಗಿ ಶಿಪಾಯಿಯಾಗಿದ್ದಾಗ ನರಗುಂದದ ದಾರಿಯ ಧರ್ಮಶಾಲೆಯಲ್ಲಿ ಯಾರೋ ಪುಣ್ಯಾತ್ಮ ಕೊಟ್ಟ ಉಂಡಿ ತಿಂದು, ಒಂದು ಇಡೀ ದಿನ ಗೋಡೆಯಿಂದ ಹಾಲು ಕರೆದಿದ್ದರು. ಎಚ್ಚರವಾದಾಗ ಕುದುರೆ ಇಲ್ಲ, ರುಮಾಲೂ ಇಲ್ಲ. ಬಾಯಿ ಮಾತ್ರ ಬೇಸಿಗೆಯ ಎರೆಹೊಲದಂತೆ ಒಣಗಿತ್ತು. ಬಿಸಿಲಿಗೆ ಕಣ್ಣು ತೆರೆಯಲಾಗಿರಲಿಲ್ಲ. ಎಲೆ-ಅಡಿಕೆ ಜಗಿದರೆ ಮರದ ಹೊಟ್ಟಿನ ಹಾಗೆ ಉದುರಿತ್ತು. ಆ ದಿನವನ್ನು ನೆನೆದಾಗಲೆಲ್ಲ ಅವರಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬರುತ್ತಿದ್ದವು.

ಸಾವಕಾರರನ್ನು ಬಿಸಿಲಿಗೆ ತಂದು ಕೂಡಿಸಿದರು. ಬಿಸಿಲಿಗೆ ಸಣ್ಣದಾಗಬೇಕಾದ ಕಣ್ಣಪಾಪೆ ಅಗಲವಾಗಿ ಹಾಗೇ ಇತ್ತು. ಮೈ ಕಾದ ಹಂಚಿನಂತೆ ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ಬೀಗರದ್ದೂ ಹಾಗೆಯೇ, ಹೊನ್ನವ್ವನದೂ ಹಾಗೆಯೇ. ತೋಟಪ್ಪನ ಸರದಿ ಬಂದಾಗ ಅವನು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡ. ಬೂದಿ ಬಳಿದ ಅವನ ಹಣೆಯಲ್ಲಿ ಬೆವರಿನ ಎರಡು ಗೆರೆ ಇಳಿದಿದ್ದವು. ನಜೀರಸಾಬರು ಅದನ್ನು ನೋಡಿ ನೋಡದಂತೆ ಎದ್ದರು.

"ಇದು ಮದಗುಣಕಿ, ದತ್ತೂರಿ," ಎಂದರು. "ಬೇಲಿಯಾಗ ಬೆಳಿಯೂ ಮುಳ್ಳಕಾಯಿ. ಅದರ ಬೀಜ ಹೊಟ್ಟಿಗೆ ಹೋಗೇತಿ. ದೆವ್ವ ಅಲ್ಲ. ನಾಳಿಗೆ ಇಳಿತೈತಿ. ಅಲ್ಲೀತನಾ ನೆರಳಾಗ ಮಲಗಸ್ರಿ, ನೀರು ಕುಡಸ್ರಿ, ಭಾಂವಿ ಕಡೆ ಹೋಗಗೊಡಬ್ಯಾಡ್ರಿ."

ಮೊದಲನೇ ಪಂಕ್ತಿಗೆ ಬಡಿಸಿದ್ದ ರಂಜಕದ ಗಡಿಗೆ ಹಾಗೇ ಉಳಿದಿತ್ತು. ಪಂಚರ ಮುಂದೆ ಅದನ್ನು ಬಾಳೆಲೆಯ ಮೇಲೆ ಸುರುವಿಸಿದರು. ಮೆಣಸಿನಕಾಯಿಯ ಬೀಜಗಳೆಲ್ಲ ನುಣ್ಣಗೆ ಅರೆದು ಹೋಗಿದ್ದವು. ನಡುವೆ ಕಂದು ಬಣ್ಣದ, ಕಿವಿಯಾಕಾರದ ಕಾಳುಗಳು ಒಂದೂ ಒಡೆಯದೆ ಕುಳಿತಿದ್ದವು.

"ಗಾಳೆವ್ವ ಅರದಿದ್ರ ಇವೂ ಅರದು ಹೋಗಬೇಕಿತ್ತಲ್ಲ," ಎಂದ ಗೌಸುಸಾಬ.

"ಹೌದು. ಅರದ ಮ್ಯಾಲೆ ಯಾರೋ ಬೆರೆಸ್ಯಾರ. ನೀಲವ್ವಾ, ಅಡಗಿ ಆದಮ್ಯಾಲೆ ಒಳಗ ಯಾರು ಬಂದಿದ್ರು?"

"ಹೊರಗಿನೋರು ಯಾರೂ ಬಂದಿಲ್ರಿ. ತೋಟಪ್ಪ ಕಾಕಾ ಒಬ್ರ, ದೃಷ್ಟಿ ಆಗಬಾರದಂತ ಗಡಿಗಿಗೆಲ್ಲಾ ಅಂಗಾರದ ಬೂದಿ ಹಚ್ಚಿ ಹೋದ್ರು."

ನಜೀರಸಾಬರು ಮೀಸೆಯ ಕೆಳಗೇ ನಕ್ಕರು. "ನಿಶ್ಚಯದ ವೀಳ್ಯ ನಿನ್ನೆ ನಿಂತಿತಲ್ಲವ್ವಾ, ಈಗ ಕೊಡು. ನಾಕೂ ಮಂದಿ ಹಿರ್‍ಯಾರಿಗೆ ನಿನ್ನ ಕೈಲೆ ಕೊಡು."

ನೀಲವ್ವ ತಟ್ಟೆ ತಂದಳು. ಹುಚ್ಚು ಹಿಡಿದರೇನು, ನಿಶ್ಚಯದ ವೀಳ್ಯವನ್ನು ಬೇಡ ಎನ್ನುವ ನಾಲಿಗೆ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಾವಕಾರರು ಜಗಿದರು, ಜಗಿದರು. ಎಲೆಯ ಚೂರು ಒಣಒಣವಾಗಿಯೇ ಎದೆಯ ಮೇಲೆ ಉದುರಿತು. ಬೀಗರಿಗೆ ಅಡಿಕೆ ಗಂಟಲಿಗೆ ಸಿಕ್ಕಿ ನೀರು ಕುಡಿಸಬೇಕಾಯಿತು. ಹೊನ್ನವ್ವ ತನ್ನ ವೀಳ್ಯವನ್ನು ತೆಗೆದು ಗೋಡೆಗೇ ಉಪಚಾರ ಮಾಡಿದಳು. ತೋಟಪ್ಪ ದಿನಕ್ಕೆ ಹತ್ತು ಸಲ ಎಲೆ ಹಾಕುವ ಮನುಷ್ಯ, ನಿನ್ನೆಯಿಂದ ದೆವ್ವದ ಕೆಲಸದಲ್ಲಿ ಅದಕ್ಕೆ ಪುರುಸೊತ್ತಾಗಿರಲಿಲ್ಲ. ಬಾಯಿಗಿಟ್ಟವನು ಕಣ್ಣುಮುಚ್ಚಿ ಸುಖವಾಗಿ ಜಗಿದ. ಬಾಯಿ ತುಂಬಿ ಬಂತು. ಅಭ್ಯಾಸ ಎಲ್ಲಿ ಬಿಡುತ್ತದೆ? ಪಕ್ಕಕ್ಕೆ ತಿರುಗಿ ಪಿಚಕ್ಕೆಂದು ಉಗುಳಿದ. ಸುಣ್ಣ ಬಳಿದ ಗೋಡೆಯ ಮೇಲೆ ಮಾರುದ್ದ ಕೆಂಪು ಹರಿಯಿತು.

ಅಂಗಳದ ಜನರೆಲ್ಲ ಆ ಗೋಡೆಯ ಕಡೆ ತಿರುಗಿದರು.

"ತೋಟಪ್ಪಾ," ಎಂದರು ನಜೀರಸಾಬರು, "ಮದಗುಣಕಿ ತಿಂದೋರು ಬಡಬಡಿಸೂದು ನೀ ನೋಡೀದಿ. ಬಾಯೊಳಗ ಮಾತ್ರ ಇಣಿಕಿ ನೋಡಿಲ್ಲ."

ಅವನು ಕಣ್ಣು ತೆರೆದ. ಪಾಪೆಗಳು ಬಿಸಿಲಿಗೆ ಎಳ್ಳಿನಷ್ಟಾದವು. ಹುಡುಕಿಸಿದಾಗ ಅವನ ಮನೆಯ ಜಂತಿಯಲ್ಲಿ ಒಡೆದ ಮುಳ್ಳುಕಾಯಿಯ ಸಿಪ್ಪೆ ಸಿಕ್ಕಿತು. ಪಂಚನಾಮೆಗೆ ಪಂಚರು ರುಜು ಹಾಕಿದರು. ಸೂರ್ಯ ಮುಳುಗುವ ಮೊದಲೇ ತೋಟಪ್ಪನ ದಸ್ತಗಿರಿಯಾಯಿತು, ಗಾಳೆವ್ವನ ಬಿಡುಗಡೆಯೂ ಆಯಿತು. ನೀಲವ್ವ ಅವಳನ್ನು ತಬ್ಬಿಕೊಂಡು ಅತ್ತಳು. ಊರ ಹಿರಿಯರಿಗೆ ಅಂದು ಮನೆಯಲ್ಲಿ ಇದ್ದಕ್ಕಿದ್ದಂತೆ ಬಹಳ ಕೆಲಸಗಳು ನೆನಪಾದವು.

ಚಾವಡಿಯಲ್ಲಿ ತೋಟಪ್ಪ ಜಬಾನಿ ಹೇಳಿಕೆ ಕೊಟ್ಟ.

"ಯಾಕ ಮಾಡಿದಿ?"

"ಮೊದಲು ನಾ ಆರಾಮ ಆಗಿ, ಆಮ್ಯಾಲೆ ಅವರನ್ನ ಆರಾಮ ಮಾಡಬೇಕಂತಿದ್ನಿರಿ. ಇಟಗಿ ಮಂದಿ ಮುಂದ ಹೆಸರಾಗತಿತ್ತು. ಮಂದಿ ಗದಗಿನ ಕಡೆ ಹೋಗಿ ದವಾಖಾನಿ ಔಷಧ ತರೋದು ಸುರು ಆದಮ್ಯಾಲೆ ನನ್ನ ಬಾಗಲಾ ಯಾರೂ ಬಡಿಯಾಂಗಿಲ್ರಿ. ಯಾರಾದ್ರೂ ಕರೀತಾರಂತ ದಿನಾ ರುಮಾಲು ಸುತಗೊಂಡು ಕೂಡತಿದ್ನಿ."

"ಗಾಳೆವ್ವನ ಹೆಸರು?"

ತೋಟಪ್ಪ ತಲೆ ತಗ್ಗಿಸಿದ. "ದೆವ್ವ ಅಂದಮ್ಯಾಲೆ ಯಾರದಾದ್ರೂ ಹೆಸರು ಹೇಳಬೇಕಲ್ರಿ. ಬಾಯಿಗೆ ಬಂದದ್ದು ಹೇಳಿದೆ. ಊರು ಬಿಡಸ್ತಾರಂತ ಅನಕೊಂಡಿರಲಿಲ್ಲ."

ಕೈಗೆ ಹಗ್ಗ ಕಟ್ಟಿದ ಮನುಷ್ಯನ ಮೇಲೆ ನಜೀರಸಾಬರಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚು ಬಂತು. ಆದರೂ ಹಗ್ಗವನ್ನು ಸಡಿಲಿಸಲಿಲ್ಲ.

ಮರುದಿನ ಬೆಳಿಗ್ಗೆ ಸಾವಕಾರರ ಮನೆಯಲ್ಲಿ ಗಾಳೆವ್ವ ಹೊಸದಾಗಿ ರಂಜಕ ಅರೆದಳು. ಬೆಳ್ಳುಳ್ಳಿಯ ಒಗ್ಗರಣೆ ಚುರ್ ಎಂದಾಗ ವಾಸನೆ ಪಡಸಾಲೆಗೆಲ್ಲ ಹರಡಿತು. ಹಾಸಿಗೆಯಲ್ಲಿದ್ದ ಕಳಕಪ್ಪ ಸಾವಕಾರರು ಎದ್ದು ಕುಳಿತು ಸೊರ್ ಎಂದು ಎಳೆದುಕೊಂಡರು.

"ಯವ್ವಾ ಗಾಳೆವ್ವಾ, ಬಾಯಾಗ ನೀರ ಬಂತಲ್ಲ."

"ಆರಾಮ ಆದ್ರು," ಎಂದರು ನಜೀರಸಾಬರು. "ಇದಕ್ಕಿಂತ ದೊಡ್ಡ ಗುರುತು ಬ್ಯಾಡ."

ಬೀಗರೂ ಬಂಡಿ ಬಿಟ್ಟಿಳಿದು ರೊಟ್ಟಿ ಕೇಳಿದರು. ನಿಶ್ಚಯದ ಮಾತು ಅಲ್ಲೇ ಮುಗಿಯಿತು. ಸಾವಕಾರರು ಗಾಳೆವ್ವನನ್ನು ಬೀಗರ ಎದುರು ಮೊದಲನೇ ಪಂಕ್ತಿಗೆ ಕೂಡಿಸಿದರು. ಅವಳು ಉಂಡೆದ್ದು, ಒಂದು ರೊಟ್ಟಿಗೆ ರಂಜಕ ಸವರಿಕೊಂಡು ಚಾವಡಿಗೆ ಹೋಗಿ ತೋಟಪ್ಪನ ಮುಂದೆ ಇಟ್ಟಳು.

"ರೋಣ ದೂರ ಐತಿ, ಉಣ್ಣು," ಎಂದಳು. "ಬೇಕಾದ್ರ ಕಾಳು ಅದಾವೇನಂತ ನೋಡ್ಕೊ."

ತೋಟಪ್ಪ ಕಟ್ಟಿದ ಕೈಗಳಿಂದಲೇ ತುತ್ತು ಮುರಿದ. ಅವನ ಬಾಯಲ್ಲೂ ನೀರು ಬಂತು, ಕಣ್ಣಲ್ಲೂ ಬಂತು. ಖಾರಕ್ಕೆ ಎಂದು ಗೌಸುಸಾಬನಿಗೆ ಹೇಳಿದ.